ಮಾತಾಡ್ಕೋತ ನಡೀರಿ

"ಏ ನಿಲ್ಲಸ್ರೀ...! ಬಸ್ ನಿಲ್ಲಸ್ರೀ! ನನ್ನ ಚೀಲಾ ಅದರಾಗ ಐತಿ!"

ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಅರ್ಚನಾ ಕೂಗಿದ ಕೂಗಿಗೆ ಬಾಳೆಹಣ್ಣಿನ ಗಾಡಿಯವನು ತಿರುಗಿದ, ಹೂ ಮಾರುವವಳು ತಿರುಗಿದಳು. ತಿರುಗಿ ನೋಡದವನು ಡ್ರೈವರ್ ಒಬ್ಬನೇ.

ಓಟದಲ್ಲಿ ಜಿಲ್ಲೆಗೆ ಹೆಸರು ತಂದ ಹುಡುಗಿ ಅವಳು. ಆದರೆ ಅಂದು ಹೊಸ ನೌಕರಿಗೆ ಹೊರಟ ದಿನ ಅಂತ ಅವ್ವ ಒತ್ತಾಯ ಮಾಡಿ ಸೀರೆ ಉಡಿಸಿದ್ದಳು. ಒಂದು ಕೈಯಲ್ಲಿ ತಗಡಿನ ಟ್ರಂಕು ಬೇರೆ. ನಾಲ್ಕು ಹೆಜ್ಜೆ ಇಡುವುದರಲ್ಲಿ ನೆರಿಗೆ ಕಾಲಿಗೆ ಸಿಕ್ಕಿ ತಡವರಿಸಿದಳು.

ಚೀಲದಲ್ಲಿದ್ದದ್ದು ಬಟ್ಟೆಯಲ್ಲ, ಅವಳ ಓಟದ ಬೂಟು, ಪದಕಗಳು... ಅವಳ ಇಡೀ ಹರೆಯ!

ಅಷ್ಟರಲ್ಲಿ ಪಕ್ಕದಲ್ಲಿ ಏನೋ ಬೀಸಿದಂತಾಯಿತು.

ಯಾರೋ ಒಬ್ಬ ಓಡಿದ. ಬಿಳಿ ಅಂಗಿ, ತೆಳ್ಳನೆಯ ಮೈ. ಮೊದಲ ಹೆಜ್ಜೆಯಲ್ಲೇ ಇಡೀ ದೇಹ ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಮುಂದಕ್ಕೆ ಹೋಯಿತು. ಗೇಟು ದಾಟುವುದರೊಳಗೆ ಬಸ್ಸನ್ನು ಮುಟ್ಟಿ ಅಂಗೈಯಿಂದ ಧಪಧಪ ಬಡಿದ. ಬಸ್ ನಿಂತಿತು. ಕಂಡಕ್ಟರ್ ಚೀಲ ಕೊಟ್ಟ.

'ಎಂಥಾ ಸ್ಟಾರ್ಟ್!' ಅರ್ಚನಾ ತನ್ನ ಸಂಕಟವನ್ನೇ ಮರೆತು ನೋಡುತ್ತ ನಿಂತಳು.

ಆದರೆ ಆತ ವಾಪಸು ಬರಲಿಲ್ಲ. ಚೀಲವನ್ನು ಹೂವಿನವಳ ಬಳಿ ಇಟ್ಟು ಕ್ಯಾಂಟೀನಿನ ಹಿಂದೆ ಹೋಗಿಬಿಟ್ಟ. ಅವಳು ಹುಡುಕಿಕೊಂಡು ಹೋದಾಗ ಗೋಡೆಗೆ ಒಂದು ಕೈ ಆನಿಸಿ, ಬೆನ್ನು ತಿರುಗಿಸಿ, ಮೆಟ್ಟಿಲ ಮೇಲೆ ಕುಳಿತಿದ್ದ.

"ಭಾಳ ಉಪಕಾರ ಆತ್ರಿ. ನೀವು ಅಥ್ಲೀಟ್ ಏನ್ರಿ? ಅಲ್ಲ, ಆ ಸ್ಟಾರ್ಟ್ ನೋಡಿದ್ರ..."

"ಚೀಲಾ... ಸಿಕ್ತಲ್ಲ. ಹೋಗ್ರಿ."

"ಒಂದು ಚಾ ಆದ್ರೂ ಕುಡೀರಿ..."

"ಹೋಗ್ರಿ ಅಂದ್ನಲ್ಲ!"

ಅವನು ಮುಖವನ್ನೂ ತಿರುಗಿಸಲಿಲ್ಲ. ಅರ್ಚನಾಳ ಕಣ್ಣು ಚುರುಗುಟ್ಟಿತು. ಸಹಾಯ ಮಾಡಿ ಹೀಗೆ ಹೊಡೆದಟ್ಟುವ ಮನುಷ್ಯನನ್ನು ಅವಳು ಎಲ್ಲೂ ಕಂಡಿರಲಿಲ್ಲ. ಅವನು ಯಾಕೆ ಬೆನ್ನು ತಿರುಗಿಸಿದ ಅನ್ನುವುದು ಗೊತ್ತಾಗಲು ಅವಳಿಗೆ ಮುಂದೆ ಬಹಳ ದಿನ ಹಿಡಿಯಿತು. ಅಂದು ಮಾತ್ರ ಮನಸ್ಸಿನಲ್ಲೇ ಬೈದುಕೊಂಡಳು. 'ಎಷ್ಟ ಸೊಕ್ಕು ಇವಗ!'

* * *

ಆ 'ಸೊಕ್ಕಿನ ಮನುಷ್ಯ' ಮರುದಿನ ಅವಳ ಹೊಸ ಸಾಲಿಯ ಸ್ಟಾಫ್ ರೂಮಿನಲ್ಲೇ ಕುಳಿತಿದ್ದ!

"ಇವರು ಶ್ರೇಣಿಕ ಚೌಗುಲೆ, ನಮ್ಮ ವಿಜ್ಞಾನದ ಮಾಸ್ತರು. ಕಣಗಲಾದವರು. ಇವರು ಅರ್ಚನಾ ಮೇಡಂ, ಹೊಸಾ ಪಿ.ಟಿ. ಟೀಚರು, ಮೂಡಲಗಿ ಕಡೆಯವರು," ಅಂತ ಹೆಡ್ ಮಾಸ್ತರು ಪರಿಚಯ ಮಾಡಿಸಿದರು.

ಅವನು ಎದ್ದು ಕೈ ಮುಗಿದ. "ನಿನ್ನೆ ಸಿಟ್ಟಿಲೆ ಮಾತಾಡಿದಂಗ ಆತು ಮೇಡಂ. ತಪ್ಪು ತಿಳ್ಕೋಬ್ಯಾಡ್ರಿ."

ಆ ದನಿಯಲ್ಲಿ ಸೊಕ್ಕಿರಲಿಲ್ಲ. ಅವಳಿಗೆ ಅದೇ ಇನ್ನಷ್ಟು ಗೊಂದಲವಾಯಿತು.

"ತಪ್ಪು ತಿಳ್ಕೋಬಾರದು ಅಂದ್ರ ಆಗಸ್ಟ್ ಹದಿನೈದಕ್ಕ ಮಾಸ್ತರ ರಿಲೇದಾಗ ಓಡ್ರಿ," ಎಂದಳು ನಗುತ್ತ.

"ನಾ ಓಡೂದಿಲ್ರಿ."

"ನಿನ್ನೆ ಓಡಿದ್ರಲ್ಲ?"

"ನಿನ್ನೆ... ಓಡಿದ್ದಾತು."

ಅಷ್ಟೇ! ಡಸ್ಟರ್ ತೆಗೆದುಕೊಂಡು ತರಗತಿಗೆ ನಡೆದ. ಅವನು ಯಾವಾಗಲೂ ಸಾವಕಾಶವಾಗಿ ನಡೆಯುತ್ತಿದ್ದ. ಗಂಟೆ ಬಾರಿಸಿದರೂ ಅವನಿಗೆ ಗಡಿಬಿಡಿಯಿಲ್ಲ. ಎಲ್ಲರೂ ಅದನ್ನು ಶ್ರೀಮಂತರ ಮನೆಯ ನಡಿಗೆ ಅಂದುಕೊಂಡಿದ್ದರು. ಅರ್ಚನಾ ಕೂಡ ಹಾಗೇ ಅಂದುಕೊಂಡಳು.

* * *

ಒಂಬತ್ತನೇ ತರಗತಿಯಲ್ಲಿ ಸೋನಾಲಿ ಅಂತ ಒಬ್ಬ ಹುಡುಗಿ ಇದ್ದಳು. ಜಿಂಕೆಯ ಕಾಲು. ಎಂಟುನೂರು ಮೀಟರ್ ಓಟಕ್ಕೆ ಅವಳೇ ಸರಿ ಅಂತ ಅರ್ಚನಾ ಆರಿಸಿದ್ದಳು. ಮೊದಲನೇ ಸುತ್ತು ಎಲ್ಲರಿಗಿಂತ ಮುಂದೆ ಹಾರುತ್ತಿದ್ದ ಹುಡುಗಿ, ಎರಡನೇ ಸುತ್ತಿನ ಅರ್ಧಕ್ಕೆ ಬರುವುದರಲ್ಲಿ ಬಾಯಿ ತೆರೆದು, ಕಾಲು ಎಳೆಯುತ್ತ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದಳು. ದಿನಾ ಇದೇ ಕಥೆ.

"ಧೈರ್ಯ ಬೇಕ ಧೈರ್ಯ! ಕಾಲು ಉರದ್ರೂ ಬಿಡಬಾರದು!" ಅಂತ ಅರ್ಚನಾ ಒಂದಿನ ಗದರಿಸಿದಳು. ಹುಡುಗಿ ಅತ್ತೇಬಿಟ್ಟಳು.

ಬೇವಿನ ಮರದ ಕಟ್ಟೆಯ ಮೇಲೆ ಉತ್ತರಪತ್ರಿಕೆ ತಿದ್ದುತ್ತಿದ್ದ ಶ್ರೇಣಿಕ ತಲೆ ಎತ್ತಿದ.

"ಧೈರ್ಯದ ಪ್ರಶ್ನೆ ಅಲ್ರಿ ಮೇಡಂ ಇದು."

"ಮತ್ತೇನ್ರಿ?" ಅವಳ ದನಿ ಬಿರುಸಾಯಿತು. ಗ್ರೌಂಡಿನಲ್ಲಿ ತನಗೆ ಪಾಠ ಹೇಳಲು ಇವನು ಯಾರು!

"ಮಕ್ಕಳನ್ನ ಇಲ್ಲಿ ನೆರಳಿಗೆ ಕರೀರಿ. ನಿಮಗ ಬ್ಯಾಡ ಅನ್ನಿಸಿದ್ರ ಅರ್ಧಕ್ಕ ನಿಲ್ಲಸ್ತೀನಿ."

ಮಕ್ಕಳು ಸುತ್ತ ಕುಳಿತರು. ಅವನು ಪುಸ್ತಕ ತೆಗೆಯಲಿಲ್ಲ.

"ನಿಮ್ಮ ಸ್ನಾಯುದಾಗ ಒಂದೀಟು ಶಕ್ತಿ ಯಾವಾಗಲೂ ತಯಾರ ಇರತೈತಿ. ಬೇಕು ಅಂದ ಕ್ಷಣಕ್ಕ ಸಿಗತೈತಿ. ಅದಕ್ಕ ಉಸಿರಿನ ಹಂಗಿಲ್ಲ. ಒಂದು ಜಿಗಿತ, ಒಂದು ಗುಂಡು ಎಸೆತ, ನಾಯಿ ಬೆನ್ನು ಹತ್ತಿದಾಗ ನೀವು ಓಡಿ ಕಟ್ಟಿ ಹತ್ತೂದು... ಎಲ್ಲಾ ಅದರ ಮ್ಯಾಲನ."

ಮಕ್ಕಳು ನಕ್ಕರು.

"ಆದ್ರ ಅದು ಒಂದರಿಂದ ಹತ್ತು ಎಣಿಸೂದರಾಗ ತೀರತೈತಿ. ಆವಾಗ ಮೈ ಏನ್ ಮಾಡತೈತಿ? ತನ್ನಲ್ಲಿರೋ ಸಕ್ಕರಿನ ಗಡಬಡಿಯಾಗ ಮುರೀತೈತಿ. ಉಸಿರು ಸಾಲದಿದ್ರೂ ಮುರೀತೈತಿ. ಶಕ್ತಿ ಲಗೂನ ಸಿಗತೈತಿ, ಖರೆ. ಆದ್ರ ಅದರ ಜೋಡಿ ಸ್ನಾಯುದಾಗ ಹುಳಿ ಏರತೈತಿ. ಕಾಲು ಉರಿತಾವ, ಕಲ್ಲು ಕಟ್ಟಿದಂಗ ಭಾರ ಆಕ್ಕಾವ."

"ಹೌದ್ರಿ ಸರ್! ಹಂಗ ಆಗತೈತ್ರಿ!" ಸೋನಾಲಿ ಕಣ್ಣೊರೆಸಿಕೊಂಡು ಕೂಗಿದಳು.

"ಮೂರನೇದ್ದು ಉಸಿರಿಂದು. ಎದಿ, ರಕ್ತ, ಗಾಳಿ ಎಲ್ಲಾ ಕೂಡಿ ಸಕ್ಕರಿನೂ ಕೊಬ್ಬನೂ ಪೂರ್ತಿ ಸುಡತಾವ. ಇದು ಸಾವಕಾಶಂದು, ಆದ್ರ ತಾಸುಗಟ್ಟಲೆ ನಡಸತೈತಿ. ಮುಂಜಾನಿಂದ ಸಂಜಿತನಕ ಹೊಲದಾಗ ದುಡಿಯಾವ್ರು, ಕುರಿ ಹಿಂದ ಊರಿಂದ ಊರಿಗೆ ನಡಿಯಾವ್ರು ಇದರ ಮ್ಯಾಲನ ಇರತಾರ. ಮೂರೂ ಒಮ್ಮೆಗೇ ನಡೀತಿರತಾವ, ತಿಳೀತೇನು? ಯಾವುದು ಹೆಚ್ಚು, ಯಾವುದು ಕಡಿಮಿ ಅನ್ನೂದು ನೀವು ಎಷ್ಟು ಜೋರ ಹೊಂಟೀರಿ ಅನ್ನೂದರ ಮ್ಯಾಲ."

ಅವನು ಸೋನಾಲಿಯತ್ತ ತಿರುಗಿದ. "ನೀ ಮೊದಲನೇ ಸುತ್ತು ನೂರು ಮೀಟರ್ ಓಡಿದಂಗ ಓಡ್ತಿ. ಹಿಂದಿಂದ ಉಸಿರು ಬರೂದರಾಗ ಕಾಲು ಹುಳಿ ತುಂಬಿರತಾವ. ಸ್ವಲ್ಪ ತಡಿ. ಉಸಿರಿಗೆ ನಿನ್ನ ಜೋಡಿ ಬರಾಕ ಬಿಡು. ಉಳದಿದ್ದನ್ನ ಕಡಿ ತಿರುವಿನ್ಯಾಗ ತಗಿ."

ಅರ್ಚನಾ ನಿಂತಲ್ಲೇ ನಿಂತಿದ್ದಳು. ಇದನ್ನೆಲ್ಲ ಅವಳೂ ಟ್ರೈನಿಂಗ್ ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದವಳೇ. ಆದರೆ ಗ್ರೌಂಡಿಗೆ ಬಂದ ಮೇಲೆ ತನ್ನ ಗುರುಗಳು ತನ್ನನ್ನು ಬೈದ ಹಾಗೇ ತಾನೂ ಬೈಯುತ್ತಿದ್ದೆ ಅನ್ನುವುದು ಆ ಕ್ಷಣ ಹೊಳೆಯಿತು.

ಮಕ್ಕಳು ಹೋದ ಮೇಲೆ ಕೇಳಿದಳು. "ನಾನೂ ಇದನ್ನ ಓದೇನ್ರಿ ಸರ್. ಆದ್ರ ಹಿಂಗ ಹೇಳಾಕ ಬರಲಿಲ್ಲ ನನಗ. ನಿಮಗ ಹ್ಯಾಂಗ ಬಂತು?"

ಅವನು ಉತ್ತರಪತ್ರಿಕೆಗಳನ್ನು ಜೋಡಿಸಿಕೊಂಡ. "ಉಸಿರಿನ ಬಗ್ಗೆ ಭಾಳ ವಿಚಾರ ಮಾಡೇನ್ರಿ ಮೇಡಂ," ಎಂದಷ್ಟೇ ಹೇಳಿದ.

* * *

ಅಂದಿನಿಂದ ಸಂಜೆ ಸಾಲಿ ಬಿಟ್ಟ ಮೇಲೆ ಬೇವಿನ ಕಟ್ಟೆಯ ಮೇಲೆ ಸ್ಟಾಪ್‌ವಾಚ್ ಹಿಡಿದು ಅವನು, ಗ್ರೌಂಡಿನಲ್ಲಿ ಸೀಟಿ ಹಿಡಿದು ಅವಳು. ಇಬ್ಬರ ಮಾತು ಓಟದಿಂದ ಸುರುವಾಗಿ ಎಲ್ಲೆಲ್ಲಿಗೋ ಹೋಗುತ್ತಿತ್ತು. ಅವಳ ಅಪ್ಪ ಸತ್ತೆಪ್ಪ ಮಳೆಗಾಲ ಬಂತೆಂದರೆ ಕುರಿ ಹೊಡೆದುಕೊಂಡು ದೂರದ ಊರುಗಳಿಗೆ ಹೋಗುತ್ತಿದ್ದದ್ದು, ಈಗ ಹೊಲ ಹಿಡಿದಿದ್ದರೂ ಕುರಿ ಬಿಡದೇ ಇರುವುದು. ಅವನ ಅವ್ವ ಇಂದುಬಾಯಿ ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಮುಟ್ಟದೆ, ಮಗನೂ ಹೊತ್ತಿದ್ದಾಗಲೇ ಉಣ್ಣಲಿ ಅಂತ ಬಸ್ಸಿನ ದಾರಿ ಕಾಯುವುದು.

ತಾಲೂಕು ಕ್ರೀಡಾಕೂಟದಲ್ಲಿ ಸೋನಾಲಿ ಮೊದಲನೇ ಸುತ್ತಿನಲ್ಲಿ ನಾಲ್ಕನೆಯವಳಾಗಿ ಓಡಿದಳು. ಮಂದಿ "ಹೋತು, ಹೋತು" ಅಂದರು. ಕಡೆಯ ತಿರುವಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕಿ ಎರಡನೆಯವಳಾಗಿ ಬಂದಳು!

ಅರ್ಚನಾ ಕೂಗುತ್ತ ಓಡಿಬಂದು ಎಲ್ಲರ ಎದುರಿಗೇ ಶ್ರೇಣಿಕನ ಕೈ ಹಿಡಿದುಬಿಟ್ಟಳು. ಅವನು ಬಿಡಿಸಿಕೊಳ್ಳಲಿಲ್ಲ. ಅವನ ಬೆರಳು ತಣ್ಣಗಿದ್ದವು. ಕಣ್ಣು ಮಾತ್ರ...

'ಈ ಕಣ್ಣು ನನ್ನನ್ನ ಬ್ಯಾಡ ಅನ್ನಾಕ ಸಾಧ್ಯನ ಇಲ್ಲ,' ಅಂದುಕೊಂಡಳು ಅವಳು.

* * *

ನವೆಂಬರಿನಲ್ಲಿ ಸಾಲಿಯವರು ಗೋಕಾಕ ಫಾಲ್ಸಿಗೆ ಹೋದರು. ನೀರು ಇನ್ನೂ ಸಾಕಷ್ಟಿತ್ತು. ಮಕ್ಕಳು ತೂಗುಸೇತುವೆ ಹತ್ತಿ ಗಲಾಟೆ ಎಬ್ಬಿಸಿದ್ದರು.

"ಬರ್ರಿ ಸರ್, ಸೇತುವೆ ದಾಟಿ ಆಚೆ ದಿಬ್ಬಾ ಹತ್ತೂಣು. ಮ್ಯಾಲಿಂದ ಚಂದ ಕಾಣತೈತಿ."

"ನೀವು ಹೋಗಿ ಬರ್ರಿ. ನಾ ಇಲ್ಲೇ ಇರ್ತೀನಿ."

ಅವಳು ಹೋಗಲಿಲ್ಲ. ಎಷ್ಟೋ ದಿನದಿಂದ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಮಾತು ಗಂಟಲಿಗೆ ಬಂದಿತ್ತು.

"ಸರ್... ನಮ್ಮಪ್ಪಗ ನಿಮ್ಮ ಬಗ್ಗೆ ಹೇಳೇನಿ. ಒಮ್ಮೆ ಮನಿಗೆ ಕರಕೊಂಡ ಬಾ ಅಂದಾನ. ಬರ್ತೀರೇನು?"

ನೀರಿನ ಸದ್ದು ಒಂದೇ ಸಮನೆ. ಶ್ರೇಣಿಕ ಕಣ್ಣನ್ನು ನೀರಿನ ಕಡೆ ತಿರುಗಿಸಿದ. ಆ ಮಾತಿನ ಅರ್ಥ ಅವನಿಗೆ ತಿಳಿಯದೇ ಇರಲಿಲ್ಲ.

"ನನ್ನಿಂದ ಆಗೂದಿಲ್ಲ ಮೇಡಂ."

"ಈ ವಾರ ಆಗದಿದ್ರ ಮುಂದಿನ ವಾರ..."

"ಎಂದೂ ಆಗೂದಿಲ್ಲ. ದಯಮಾಡಿ ಇನ್ನ ಕೇಳಬ್ಯಾಡ್ರಿ."

ಅರ್ಚನಾ ತಿರುಗಿ ಸೇತುವೆ ಹತ್ತಿದಳು. ಕಾಲ ಕೆಳಗೆ ಹಲಗೆ ತೂಗುತ್ತಿತ್ತು, ಕಣ್ಣ ಮುಂದಿನದೆಲ್ಲ ಮಸುಕಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಕನ್ನಡದ ವೀರಪ್ಪ ಮಾಸ್ತರು ಪಕ್ಕಕ್ಕೆ ಕುಳಿತು ದನಿ ತಗ್ಗಿಸಿದರು. "ಮೇಡಂ, ಹಿರ್ಯಾನಾಗಿ ಒಂದು ಮಾತು ಹೇಳ್ತೀನಿ. ಅವರು ಚೌಗುಲೆ ಮಂದಿ, ಜೈನರು. ಊರಾಗ ದೊಡ್ಡ ಮನಿತನ. ಮಗ ಕುರಿ ಕಾಯೂ ಮನಿ ಹೆಣ್ಣುಮಗಳನ್ನ ತರ್ತೀನಿ ಅಂದ್ರ ಮನ್ಯಾಗ ಬಿಟ್ಟಾರೇನು? ಆ ಹುಡುಗ ಶ್ಯಾಣ್ಯಾ ಅದಾನ, ಮೊದಲ ದೂರ ಸರದ."

ಅವಳಿಗೆ ಅಷ್ಟೇ ಸಾಕಾಯಿತು.

'ಜಾತಿ! ಪಾಠ ಹೇಳುವಾಗ ಕುರಿ ಕಾಯಾವ್ರು ಬೇಕು, ಮನಿಗೆ ಬರಾಕ ಬ್ಯಾಡ!'

ಮರುದಿನದಿಂದ ಅವಳು ಬೇವಿನ ಕಟ್ಟೆಯ ಕಡೆ ನೋಡುವುದನ್ನೇ ಬಿಟ್ಟಳು. ಅವನು ಒಂದೆರಡು ಸಲ ಸ್ಟಾಪ್‌ವಾಚ್ ಹಿಡಿದು ಬಂದು, ಅವಳ ಮುಖ ನೋಡಿ, ಹಾಗೇ ಮರಳಿದ. ಆಮೇಲೆ ಬರಲಿಲ್ಲ. ವರ್ಗ ಮಾಡಿಸಿಕೊಂಡು ಮೂಡಲಗಿ ಕಡೆ ಹೋಗಿಬಿಡುವುದು ಅಂತ ಅವಳು ಹೆಡ್ ಮಾಸ್ತರಿಗೂ ಹೇಳಿಯಾಗಿತ್ತು. ಆದರೆ ಹುಕ್ಕೇರಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಅಡುಗೆ ಮಾಡುವಾಗ ಎಷ್ಟೋ ಸಲ ಒಲೆ ಮುಂದೆ ಕೈ ನಿಂತುಬಿಡುತ್ತಿತ್ತು. ಸಿಟ್ಟಿನ ಅಡಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು. ಜಾತಿ ನೋಡುವ ಮನುಷ್ಯ ಅಷ್ಟು ನೋವಿನಿಂದ ಯಾಕೆ 'ಬ್ಯಾಡ' ಅಂದ?

* * *

ಮಾರ್ಚಿನ ಒಂದು ರವಿವಾರ. ಅರ್ಚನಾ ಮೂಡಲಗಿಯ ಹೊರಗಿನ ತಮ್ಮ ಮನೆಯ ಹಟ್ಟಿಯಲ್ಲಿ ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಬಿಳಿ ಸೀರೆಗೆ ಸಣ್ಣ ಅಂಚು, ತಲೆ ಮೇಲೆ ಸೆರಗು, ಬೆವೆತ ಮುಖದ ಹಿರಿಯ ಹೆಣ್ಣುಮಗಳೊಬ್ಬಳು ಅಂಗಳಕ್ಕೆ ಬಂದು ನಿಂತಳು.

"ಓಡೂ ಟೀಚರು ಅಂದ್ರ ನೀನ ಏನು?"

"ಹೌದ್ರಿ. ನೀವು...?"

"ಶ್ರೇಣಿಕನ ಅವ್ವ ನಾ. ಇಂದುಬಾಯಿ."

ಅರ್ಚನಾಳ ಕೈಯಿಂದ ಸೊಪ್ಪು ಜಾರಿತು.

"ನನ್ನ ಮಗ ನಿನಗ ಏನ್ ಅನ್ಯಾಯ ಮಾಡಿದ್ನವ್ವಾ?" ಇಂದುಬಾಯಿಯ ದನಿ ಸಿಟ್ಟಿನಲ್ಲಿ ಸುರುವಾಗಿ ನಡುವೆಯೇ ಒಡೆಯಿತು. "ಇಷ್ಟು ವರ್ಷ ಗಾಜಿನಂಗ ಕಾದು ಜ್ವಾಪಾನ ಮಾಡೇನಿ. ಈಗ ನಿನ್ನ ಸಲುವಾಗಿ ಬೆಳಗಾವಿಗೆ ಹೋಗಿ ಎದಿಗೆ ಆಪರೇಶನ್ ಮಾಡಿಸ್ಕೋತೀನಿ ಅಂತ ಹೆಸರ ಹಚ್ಚಿ ಬಂದಾನ!"

"ಎದಿಗೆ...? ಏನಾಗೇತ್ರಿ ಅವರ ಎದಿಗೆ?"

ಇಂದುಬಾಯಿ ದಿಟ್ಟಿಸಿ ನೋಡಿದಳು. ಈ ಹುಡುಗಿಗೆ ಏನೂ ಗೊತ್ತಿಲ್ಲ ಅನ್ನುವುದು ಆಗ ಅವಳಿಗೆ ಅರ್ಥವಾಯಿತು. ಕಟ್ಟೆಯ ಮೇಲೆ ಕುಸಿದು ಕುಳಿತಳು.

"ಸಣ್ಣಾವ ಇದ್ದಾಗ ಸಂದು ಸಂದು ಬಾತು ಜ್ವರಾ ಬಂದಿತ್ತು. ಜ್ವರಾ ಹೋತು, ಎದ್ಯಾಗಿನ ಬಾಗಿಲ ಕೆಡಿಸಿ ಹೋತು. ರಕ್ತ ಹಾಯೂ ಬಾಗಿಲ ಸಣ್ಣದಾಗೇತಿ ಅಂತಾರ ಡಾಕ್ಟರು. ಹತ್ತು ಮೆಟ್ಟಿಲಾ ಹತ್ತಿದ್ರ ಸಾಕು, ಉಸಿರು ಸಿಗೂದಿಲ್ಲ ನನ್ನ ಕೂಸಿಗೆ."

ಅರ್ಚನಾಳ ಕಿವಿಯಲ್ಲಿ ಬೇವಿನ ಮರದ ಕೆಳಗಿನ ಮಾತು ಕೇಳಿಸಿತು. ಮೊದಲ ಹತ್ತು ಎಣಿಕೆಗೆ ಉಸಿರಿನ ಹಂಗಿಲ್ಲ...

ಬಸ್ಸಿನ ಹಿಂದೆ ಅವನು ಬಾಣದಂತೆ ಓಡಿದ್ದು ಅದೇ ಶಕ್ತಿಯಿಂದ! ಗೇಟಿನ ತನಕದ ಓಟಕ್ಕೆ ಎದೆಯನ್ನು ಕೇಳಬೇಕಾಗಿರಲಿಲ್ಲ. ಆದರೆ ಓಟ ಮುಗಿದ ಮೇಲೆ ಮೈ ಗಾಳಿ ಕೇಳುತ್ತದೆ, ಆ ಗಾಳಿಯನ್ನು ಹೊತ್ತ ರಕ್ತ ಸಣ್ಣ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಗೋಡೆ ಹಿಡಿದು, ಬೆನ್ನು ತಿರುಗಿಸಿ ಅವನು ಕುಳಿತಿದ್ದು ಸೊಕ್ಕಿನಿಂದಲ್ಲ. ಉಸಿರಿಗಾಗಿ! 'ಹೋಗ್ರಿ' ಅನ್ನುವ ಒಂದು ಮಾತಿಗೂ ಅವನಿಗೆ ಉಸಿರು ಸಾಲುತ್ತಿರಲಿಲ್ಲ...

ಆ ದಿಬ್ಬ. ಸೇತುವೆ. ಸಾವಕಾಶದ ನಡಿಗೆ. ಎಲ್ಲ ಒಂದೊಂದಾಗಿ ಬಿಡಿಸಿಕೊಂಡವು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಹಟ್ಟಿಯ ಬಾಗಿಲಲ್ಲಿ ಎಲ್ಲವನ್ನೂ ಕೇಳುತ್ತ ನಿಂತಿದ್ದ ಸತ್ತೆಪ್ಪ ಹತ್ತಿರ ಬಂದ. ಮಗಳನ್ನು ನೋಡಿದ, ಬಂದಾಕೆಯನ್ನು ನೋಡಿದ.

"ಅಕ್ಕಾ, ನಾವು ಕುರಿ ಮಂದಿ. ಹಾದ್ಯಾಗ ಒಂದು ಕುರಿ ದಣದು ಕುಂತ್ರ ಹಿಂಡನ ನಿಲ್ಲಸ್ತೀವಿ. ಬಿಟ್ಟು ಹೋಗೂದು ನಮಗ ಗೊತ್ತಿಲ್ಲ." ಆಮೇಲೆ ಮಗಳಿಗೆ ಹೇಳಿದ, "ಅಳೂದು ಸಾಕು. ಮುಖಾ ತೊಳ್ಕೋ. ಅವ್ವಾರ ಜೋಡಿ ಹೋಗಿ ಬಾ."

* * *

ಬಸ್ಸು ಬದಲಿಸುತ್ತ ಕಣಗಲಾ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಪಡಸಾಲೆಯಲ್ಲಿ ಕುಳಿತಿದ್ದ ಶ್ರೇಣಿಕ ಅವ್ವನ ಹಿಂದೆ ಅರ್ಚನಾಳನ್ನು ಕಂಡು ಗಡಬಡಿಸಿ ಎದ್ದ.

"ಕುಂದರ್ರಿ. ಏಳೂದು ಬ್ಯಾಡ," ಎಂದಳು ಅವಳು. ಇಂದುಬಾಯಿ ಒಳಗೆ ಹೋದಳು.

"ಯಾಕ ಹೇಳಲಿಲ್ಲ ನನಗ?"

ಅವನು ತಲೆ ತಗ್ಗಿಸಿದ. "ಹೇಳಿದ್ರ ನೀವು ಹೂಂ ಅಂತಿದ್ರಿ. ಅದಕ್ಕ ಹೇಳಲಿಲ್ಲ."

"ಮರುಕದಿಂದ ಹೂಂ ಅಂತಾಳ ಅಂದ್ಕೊಂಡ್ರಿ?"

"ನಿಮ್ಮ ಜೀವನ ಅಂದ್ರ ಗ್ರೌಂಡು, ಓಟ, ಬಿಸಲು. ನಾ ಒಂದು ಬಿಂದಿಗಿ ನೀರ ಎತ್ತಿಕೊಂಡ ಬರಲಾರದ ಮನುಷ್ಯ. ನಿಮ್ಮನ್ನ ನನ್ನ ಬಾಜೂಕ ಕುಂದರಸಿ ಕಟ್ಟಿ ಹಾಕಲೇನು?"

"ನನ್ನ ಜೀವನದ ವಿಚಾರ ನೀವ ಮಾಡಿದ್ರಿ. ತೀರ್ಮಾನನೂ ನೀವ ಕೊಟ್ರಿ. ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ ಅಲ್ರಿ?" ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನಾ ಏನ್ ತಿಳ್ಕೊಂಡೆ ಗೊತ್ತೇನು? ಕುರುಬರಾಕಿ ಅಂತ ಬ್ಯಾಡ ಅಂದ್ರಿ ಅಂತ ತಿಳ್ಕೊಂಡೆ. ಚಳಿಗಾಲ ಪೂರ್ತಿ ಅದನ್ನ ಎದ್ಯಾಗ ಇಟಗೊಂಡು ಅತ್ತೇನಿ!"

ಶ್ರೇಣಿಕನ ಮುಖ ಬಿಳಿಚಿತು. "ಜಾತಿ? ಅರ್ಚನಾ ಮೇಡಂ... ಆ ವಿಚಾರ ನನ್ನ ತಲ್ಯಾಗ..."

ತಾನು ಅವಳನ್ನು ಒಂದು ನೋವಿನಿಂದ ಉಳಿಸಲು ಹೋಗಿ ಅದಕ್ಕಿಂತ ದೊಡ್ಡ ನೋವಿಗೆ ನೂಕಿದ್ದೆ ಅನ್ನುವುದು ಅವನಿಗೆ ಮೊದಲ ಸಲ ಕಾಣಿಸಿತು.

"ತಪ್ಪಾತು," ಎಂದ ಮೆಲ್ಲಗೆ. "ಭಾಳ ದೊಡ್ಡ ತಪ್ಪಾತು."

ಒಳಗೆ ಪಾತ್ರೆಯ ಸದ್ದು ನಿಂತಿತ್ತು. ಇಂದುಬಾಯಿ ಕೇಳಿಸಿಕೊಳ್ಳುತ್ತಿದ್ದಾಳೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

"ಇನ್ನೊಂದು ಮಾತು," ಎಂದಳು ಅರ್ಚನಾ. "ಆಪರೇಶನ್ ನನ್ನ ಸಲುವಾಗಿ ಮಾಡಿಸ್ಕೋಬ್ಯಾಡ್ರಿ. ನೀವು ಹೆಂಗದೀರಿ ಹಂಗ ನನಗ ಸಾಕು. ನಾಳೆ ಏನರ ಹೆಚ್ಚುಕಡಿಮಿ ಆದ್ರ ಅವ್ವಗ ನಾ ಯಾವ ಮುಖಾ ತೋರಸ್ಲಿ?"

ಅವನು ತಡವರಿಸದೆ ಉತ್ತರ ಕೊಟ್ಟ. ಅದನ್ನು ಬಹಳ ದಿನ ಯೋಚಿಸಿದ್ದ.

"ಮೊದಲ ನಿಮ್ಮ ಸಲುವಾಗಿ ಅಂತನ ಹೋದೆ. ಡಾಕ್ಟರ ಮುಂದ ಕುಂತಾಗ ಗೊತ್ತಾತು, ಇದು ನನಗ ಬೇಕಾಗೇತಿ. ಮದುವಿ, ಗ್ರೌಂಡು, ಗುಡ್ಡಾ, ಎಲ್ಲಾ ಕಡೆ ನಾ ಕುಂತು ನೋಡಿದಾವ. ಎದಿ ಕೊಯ್ಯೂದಿಲ್ಲಂತ. ತೊಡಿಯಾಗಿನ ನರದಿಂದ ಸಣ್ಣ ನಳಿಗಿ ಹಾಕಿ, ಬಾಗಲದಾಗ ಪುಗ್ಗಾ ಉಬ್ಬಿಸಿ ಅಗಲ ಮಾಡ್ತಾರಂತ. ಇಷ್ಟು ವರ್ಷ ಅಂಜಿ ಮುಂದ ಹಾಕಿದೆ. ಇನ್ನ ಸಾಕು."

"ಹಂಗಾದ್ರ ಮಾಡಿಸ್ಕೋರಿ. ನಾನೂ ಬರ್ತೀನಿ. ಚಲೋ ಆದ್ರೂ, ಆಗದಿದ್ರೂ ನನ್ನ ಮಾತು ಇದ."

ಅಷ್ಟರಲ್ಲಿ ಒಳಗಿಂದ ಇಂದುಬಾಯಿ ಕೂಗಿದಳು. "ಹೊತ್ತು ಮುಳಗಾಕ ಬಂತು! ಮಾತು ಆಮ್ಯಾಲ ಆಡ್ರಿ. ಬರ್ರಿ ಉಣ್ಣಾಕ, ಇಬ್ರೂ."

ನಡುಮನೆಯಲ್ಲಿ ಎರಡು ತಾಟು ಅಕ್ಕಪಕ್ಕ ಇದ್ದವು. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಅರ್ಚನಾಳ ತಾಟಿಗೆ ಇಂದುಬಾಯಿ ಇನ್ನೊಂದು ರೊಟ್ಟಿ ಹಾಕಿದಳು. ಅರ್ಚನಾ ಅದನ್ನು ಮುರಿದು ಪಲ್ಯಕ್ಕೆ ಹಚ್ಚಿಕೊಂಡಳು.

* * *

ಬೆಳಗಾವಿಯ ಆಸ್ಪತ್ರೆಯಲ್ಲಿ ಇಬ್ಬರು ಹೆಂಗಸರು ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಇಂದುಬಾಯಿ ಣಮೋಕಾರ ಮಂತ್ರ ಹೇಳುತ್ತ ಹೇಳುತ್ತ ಅರ್ಚನಾಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಿದ್ದಳು. ಆ ಕೈ ಬಿಟ್ಟರೆ ಏನೋ ಆಗಿಬಿಡುತ್ತದೆ ಅನ್ನುವ ಹಾಗೆ ಹಿಡಿದಿದ್ದಳು.

ಡಾಕ್ಟರು ಹೊರಗೆ ಬಂದರು. "ಚಲೋ ಆತು. ಬಾಗಿಲು ಅಗಲ ಆಗೇತಿ. ಆದ್ರ ಒಂದು ಮಾತು ತಿಳಕೊಂಡಿರ್ರಿ, ಮುಂದ ಎಂದರ ಮತ್ತ ಸಣ್ಣದಾಗಬಹುದು. ಇಂಜೆಕ್ಷನ್, ತಪಾಸಣಿ ತಪ್ಪಿಸಬಾರದು."

"ತಪ್ಪಿಸೂದಿಲ್ರಿ," ಎಂದಳು ಅರ್ಚನಾ. ಆಮೇಲೆ ಮುಖ ಮುಚ್ಚಿಕೊಂಡು ಅತ್ತಳು. ಇಂದುಬಾಯಿ ಅವಳ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡಳು.

ಊರಲ್ಲಿ ಮಾತು ಹುಟ್ಟದೇ ಇರಲಿಲ್ಲ. ಚೌಗುಲೆಯವರ ಎರಡು ಮನೆಯವರು ಇಂದುಬಾಯಿಯ ಜೊತೆ ಮಾತು ಬಿಟ್ಟರು. "ಬಿಡ್ಲಿ," ಎಂದಳು ಆಕೆ. "ನನ್ನ ಮಗನ ಉಸಿರು ನಿಂತಾಗ ಅವರ್ಯಾರೂ ಬಂದಿರಲಿಲ್ಲ."

* * *

ಏಪ್ರಿಲ್ ಕೊನೆ. ಸಾಲಿಗೆ ಸೂಟಿ. ಕಣಗಲಾದ ಹೊಲದ ದಾರಿಯಲ್ಲಿ ಮುಂಜಾನೆಯ ತಂಪು ಇನ್ನೂ ಇತ್ತು. ಎರಡೂ ಕಡೆ ಕಬ್ಬು, ದೂರದಲ್ಲಿ ಹೈವೇ ಮೇಲಿನ ಲಾರಿಗಳ ಸದ್ದು. ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಇಂದುಬಾಯಿ ಕುಳಿತಿದ್ದಳು. ಕಣ್ಣು ಮಾತ್ರ ಹೊಲದ ದಾರಿಯ ಮೇಲೆ.

ಶ್ರೇಣಿಕ ನಡೆಯುತ್ತಿದ್ದ. ಪಕ್ಕದಲ್ಲಿ ಅರ್ಚನಾ.

"ಏನರ ಮಾತಾಡ್ರಿ," ಎಂದಳು.

"ಏನ್ ಮಾತಾಡ್ಲಿ?"

"ಏನರ. ಮಾತಾಡ್ಕೋತ ನಡೀರಿ ಅಂತ ಡಾಕ್ಟರು ಹೇಳ್ಯಾರಲ್ಲ? ಮಾತು ಸರಳ ಬಂತಂದ್ರ ಉಸಿರು ಸಾಕಷ್ಟೈತಿ ಅಂತ. ಮಾತು ತುಂಡು ತುಂಡಾತಂದ್ರ ಸಾವಕಾಶ ಮಾಡಬೇಕು. ಪದಾ ಹಾಡಾಕ ಬಂತಂದ್ರ ಇನ್ನ ಒಂದೀಟು ಜೋರ ನಡೀಬಹುದು."

"ಪದಾ ಬ್ಯಾಡ ಬಿಡ್ರಿ. ಕಬ್ಬಿನ್ಯಾಗಿನ ನರಿ ಓಡಿ ಹೋದಾವು."

ಅವಳು ನಕ್ಕಳು. ಅವನು ಕಬ್ಬಿನ ಎಲೆ ತೋರಿಸಿ ಅದು ಬಿಸಿಲಿನಿಂದ ಸಕ್ಕರೆ ಹೇಗೆ ಮಾಡುತ್ತದೆ ಅಂತ ಸುರು ಮಾಡಿದ.

"ಪಾಠನೂ ಬ್ಯಾಡ! ಸೂಟಿ ಐತಿ."

"ಹಂಗಾದ್ರ ಖರೇನ ಹೇಳ್ತೀನಿ ಕೇಳ್ರಿ." ಅವನು ಮುಂದೆ ನೋಡುತ್ತಲೇ ನಡೆದ. "ನೀವು ಗ್ರೌಂಡಿನ್ಯಾಗ ಸೀಟಿ ಊದಿದ್ರ ನಾ ಹತ್ತನೇ ಕ್ಲಾಸಿನ್ಯಾಗ ಪಾಠ ಹೇಳೂದು ಮರ್ತು ನಿಲ್ತಿದ್ದೆ. ಮಕ್ಕಳು ನಗತಿದ್ರು. ನೀವು ಮಾತು ಬಿಟ್ಟ ಮ್ಯಾಲ ಸೀಟಿ ಸಪ್ಪಳಾ ಕೇಳಿದ್ರ ಕಿಡಕಿ ಹಾಕತಿದ್ದೆ. ಮಕ್ಕಳು ಸೆಕಿ ಆಗತೈತಿ ಸರ್ ಅಂದ್ರ ಮತ್ತ ತಗೀತಿದ್ದೆ. ತಗದು ಅಲ್ಲೇ ನಿಲ್ತಿದ್ದೆ..."

ನಡೆಯುತ್ತ ಇಷ್ಟುದ್ದದ ಮಾತನ್ನು ಅವನು ಒಂದು ಸಲವೂ ನಿಲ್ಲದೆ ಆಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಅವನ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸಿದಳು.

ಆಮೇಲೆ ಅವನು ಸುಮ್ಮನಾದ.

"ಯಾಕ್ರಿ? ಯಾಕ ಸುಮ್ನಾದ್ರಿ? ಉಸಿರು ಹತ್ತೇತೇನು? ಕುಂದರ್ತೀರೇನು?" ಅವಳು ಗಾಬರಿಯಾಗಿ ಅವನ ತೋಳು ಹಿಡಿದಳು.

"ಉಸಿರು ಚಲೋ ಐತ್ರಿ. ಒಂದು ಮಾತು ಕೇಳಬೇಕು ಅಂತ..."

"ಕೇಳ್ರಿ."

"ನಿಮಗ 'ನೀ' ಅನ್ನಲೇನು?"

ಅರ್ಚನಾಳ ಕಿವಿ ಬಿಸಿಯಾಯಿತು. ದಾರಿಯ ಬದಿಯ ಹುಲ್ಲನ್ನು ನೋಡುತ್ತ ಹೇಳಿದಳು, "ಅಂದು ನೋಡ್ರಿ, ಹೆಂಗ ಕೇಳಸ್ತೈತಿ."

"ಅರ್ಚನಾ..." ಅವನು ನಿಂತ. "ನೀ ನನ್ನ ಜೋಡಿ ಇದ್ರ ನನಗ ಭಾಳ ಚಲೋ ಅನ್ನಸ್ತೈತಿ."

ಅವಳು ಕಣ್ಣೆತ್ತಲಿಲ್ಲ. ಅವನ ತೋಳಿನ ಮೇಲಿದ್ದ ಕೈಯನ್ನೂ ತೆಗೆಯಲಿಲ್ಲ.

"ನೀನೂ ನನಗ 'ನೀ' ಅನ್ನು," ಎಂದ ಅವನು.

"ಅಯ್ಯ, ಅದೊಂದು ಆಗೂದಿಲ್ರಿ! ಅತ್ತಿ ಕಿವಿಗೆ ಬಿದ್ರ ಏನ್ ಅಂದಾರು!"

ಅಂದ ಮೇಲೆ ತಾನು ಏನಂದೆ ಅನ್ನುವುದು ಗೊತ್ತಾಗಿ ಅವಳು ನಾಲಿಗೆ ಕಚ್ಚಿಕೊಂಡಳು.

"ಏನಂದಿ?"

"ಏನಿಲ್ರಿ. ನಡೀರಿ, ಬಿಸಲು ಏರಾಕತ್ತೇತಿ."

"ಅತ್ತಿ ಅಂದಿ."

"ಅಂದೆ ಅಂದ್ರ ಅಂದೆ! ಈಗೇನು?"

"ಏನಿಲ್ಲ," ಎಂದ ಶ್ರೇಣಿಕ, ಕಣ್ಣು ತುಂಬಿ ನಗುತ್ತ. "ಇನ್ನೊಮ್ಮೆ ಅನ್ನು."